ಅಮ್ಮನ ಜೊತೆ ಲೇಹ್ ಏರ್‌ಪೋರ್ಟ್‌ನಲ್ಲಿ

ದಿಲ್ಲಿಯಿಂದ ಲಡಾಖಿನ ಲೇಹ್‌ಗೆ ಹೊರಟ ವಿಮಾನದಲ್ಲಿ ಅಮ್ಮನ ಚಟ್ನಿಪುಡಿ ಪ್ಯಾಕೆಟ್ ಪೂರಿ ಥರ ಉಬ್ಬಿಕೊಂಡಿತ್ತು. ಗಾಂಧಿ ಬಜಾರಿನಲ್ಲಿ ಕೊಂಡದ್ದು, ಸೀಲ್ ಹಾಕಿದ ಪ್ಯಾಕೆಟ್. "ಒಡೆದ್ರೆ ಮುಂದಿನ ಸೀಟಿನವರ ತಲೆ ಮೇಲೆ ಕಣೋ" ಅಂತ ಅಮ್ಮ ಅದನ್ನು ಸೆರಗಲ್ಲಿ ಸುತ್ತಿ ಹಿಡಿದುಕೊಂಡಿದ್ದಳು.

ಇಳಿಯುವಾಗ ಸರಿಹೋಗುತ್ತೆ ಅಂದೆ. ಸರಿಹೋಗಲಿಲ್ಲ. ಬೇರೆ ಊರುಗಳಲ್ಲಿ ವಿಮಾನ ಇಳಿಯುತ್ತಾ ಒಳಗಿನ ಗಾಳಿಯ ಒತ್ತಡ ಏರುತ್ತದೆ, ಉಬ್ಬಿದ್ದು ಕುಗ್ಗುತ್ತದೆ. ಲೇಹ್‌ನಲ್ಲಿ ಉಲ್ಟಾ. ಅಲ್ಲಿ ನಿಲ್ದಾಣವೇ 3,256 ಮೀಟರ್ ಎತ್ತರದಲ್ಲಿದೆ. ವಿಮಾನ ಎಷ್ಟೇ ಮೇಲೆ ಹಾರಿದರೂ ಒಳಗಿನ ಒತ್ತಡವನ್ನು ಸುಮಾರು 2,400 ಮೀಟರ್ ಎತ್ತರದಲ್ಲಿ ಇರುವಷ್ಟಕ್ಕಿಂತ ಕಡಿಮೆಯಾಗಲು ಬಿಡುವುದಿಲ್ಲ. ಹಾಗಾಗಿ ಲೇಹ್‌ನಲ್ಲಿ ಬಾಗಿಲು ತೆಗೆಯುವ ಹೊತ್ತಿಗೆ ಒಳಗಿನ ಗಾಳಿಯನ್ನು ಇನ್ನಷ್ಟು ತೆಳು ಮಾಡಲೇಬೇಕು. ನಮ್ಮ ಬೆಂಗಳೂರು ಇರುವುದು ಸುಮಾರು 920 ಮೀಟರ್‌ನಲ್ಲಿ. ಅಂಥ ಊರಿಂದ ಒಂದೇ ರಾತ್ರಿಯಲ್ಲಿ ಅಲ್ಲಿಗೆ ಎತ್ತಿ ಹಾಕಿದರೆ ಪ್ಯಾಕೆಟ್ ಬಿಡಿ, ನಮ್ಮ ಗತಿ ಏನು ಅಂತ ಆಗಲೇ ಯೋಚಿಸಬೇಕಿತ್ತು.

ಇದು 2018ರ ಜೂನ್ ಮಾತು. ಸಂಜೆ ವಾಯುವಜ್ರ ಬಸ್ ಹತ್ತಿ ದೇವನಹಳ್ಳಿ ಏರ್‌ಪೋರ್ಟ್, ಅಲ್ಲಿಂದ ದಿಲ್ಲಿ, ರಾತ್ರಿಯೆಲ್ಲ ಅಲ್ಲಿನ ಕುರ್ಚಿಗಳಲ್ಲಿ ತೂಕಡಿಕೆ, ಬೆಳಗಿನ ಜಾವ ಲೇಹ್ ವಿಮಾನ. ಮಧ್ಯಾಹ್ನದ ಟಿಕೆಟ್ ಎಷ್ಟು ಹುಡುಕಿದರೂ ಸಿಗಲಿಲ್ಲ. ಯಾಕೆ ಅಂತ ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಸುತ್ತ ಬೆಟ್ಟ, ಮಧ್ಯೆ ಸಿಂಧೂ ಕಣಿವೆ. ವಿಮಾನಗಳು ಒಂದು ದಿಕ್ಕಿನಿಂದ ಇಳಿದು, ಬಂದ ದಿಕ್ಕಿಗೇ ತಿರುಗಿ ಏರುತ್ತವೆ. ಬಿಸಿಲೇರಿದ ಮೇಲೆ ಕಣಿವೆಯಲ್ಲಿ ಗಾಳಿ ಜೋರಾಗುತ್ತದೆ. ಅದಲ್ಲದೆ ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ, ರೆಕ್ಕೆಗೂ ಎಂಜಿನ್‌ಗೂ ಬಲ ಸಾಲುವುದಿಲ್ಲ. ಹಾಗಾಗಿ ವಿಮಾನಗಳ ಓಡಾಟ ಹೆಚ್ಚಾಗಿ ಬೆಳಿಗ್ಗೆಯೇ.

ಇಳಿದ ತಕ್ಷಣ ಒಂದು ತಪ್ಪು ಮಾಡಿದೆ. ಮೈಕಿನಲ್ಲಿ ವಿಶ್ರಾಂತಿ ಮಾಡಿ, ಅವಸರ ಬೇಡ ಅಂತ ಹೇಳುತ್ತಲೇ ಇದ್ದರು. ನಾನು ಬೆಂಗಳೂರಿನ ಅಭ್ಯಾಸದಲ್ಲಿ ಬೆಲ್ಟ್‌ನಿಂದ ಎರಡು ಸೂಟ್‌ಕೇಸ್ ಒಟ್ಟಿಗೆ ಎತ್ತಿಕೊಂಡು ದಡದಡ ನಡೆದೆ. ಮೂವತ್ತು ಹೆಜ್ಜೆ ಆಗಿರಬೇಕು ಅಷ್ಟೇ. ಚಾಮುಂಡಿ ಬೆಟ್ಟದ ಮೆಟ್ಟಿಲು ಒಂದೇ ಉಸಿರಿಗೆ ಹತ್ತಿದ ಹಾಗೆ ಎದೆ ಹೊಡೆದುಕೊಂಡಿತು, ಕಣ್ಣಿಗೆ ಕತ್ತಲೆ. ಸೂಟ್‌ಕೇಸ್ ಮೇಲೆಯೇ ಕೂತೆ. ಅರವತ್ತೈದರ ಅಮ್ಮ ಮದುವೆ ಮನೆಗೆ ಹೋಗುವ ಹಾಗೆ ನಿಧಾನಕ್ಕೆ ನಡೆದು ಬಂದು, "ಟ್ರಾಲಿ ಇದೆಯಲ್ಲೋ" ಅಂದಳು. ಹೊರಡುವ ಮೊದಲು ಡಾಕ್ಟರ್ ಹತ್ತಿರ ಓಡಾಡಿದ್ದೆಲ್ಲ ಅವಳ ಬಿಪಿಗಾಗಿ!

ನನ್ನ ಮೊಬೈಲ್ ಕೂಡ ಸತ್ತಿತ್ತು. ಹೊರ ರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಅಪ್ಪನ ಕಾಲದ ಪೋಸ್ಟ್‌ಪೇಯ್ಡ್ ನಂಬರನ್ನು ಅಮ್ಮ ಬಿಡದೆ ಇಟ್ಟುಕೊಂಡಿದ್ದಳು, ಸುಮ್ನೆ ದುಡ್ಡು ದಂಡ ಅಂತ ನಾನು ಎಷ್ಟು ಸಲ ಬೈದಿದ್ದೆ. ಗೆಸ್ಟ್‌ಹೌಸಿಗೆ ಅದರಿಂದಲೇ ಫೋನ್ ಮಾಡಿದ್ದು. ಪ್ರೀಪೇಯ್ಡ್ ಟ್ಯಾಕ್ಸಿ ಹಿಡಿದು ಹೋಗಿ, ಎರಡು ದಿನ ಬಿಸಿನೀರು ಕುಡಿಯುತ್ತಾ ಸುಮ್ಮನೆ ಮಲಗಿದೆವು. ಬಜಾರಿಗೂ ಹೋಗಲಿಲ್ಲ.

ಅಮ್ಮನ ತವರು ಮಡಿಕೇರಿ. ಈ ರನ್‌ವೇಯ ಕಥೆ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. 1948ರ ಮೇ ತಿಂಗಳಲ್ಲಿ ಲೇಹ್ ಪಾಕಿಸ್ತಾನದ ಕಡೆಯ ದಾಳಿಕೋರರ ಕೈಗೆ ಸಿಗುವ ಹಾಗಿದ್ದಾಗ, ಲಡಾಖಿನ ಎಂಜಿನಿಯರ್ ಸೋನಂ ನೋರ್ಬು ಊರವರನ್ನು ಸೇರಿಸಿಕೊಂಡು ಮರಳಿನ ಮೇಲೆ ವಿಮಾನ ಇಳಿಯುವ ಪಟ್ಟಿ ಹಾಸಿದರು. ವಾಯುಪಡೆಯ ಮೆಹರ್ ಸಿಂಗ್ ಅದರ ಮೇಲೆ ಡಕೋಟಾ ವಿಮಾನ ಇಳಿಸಿದರು. ಆ ವಿಮಾನದಲ್ಲಿ ಜೊತೆಗಿದ್ದವರು ಕೊಡಗಿನ ಸೇನಾಧಿಕಾರಿ ತಿಮ್ಮಯ್ಯ. "ನಮ್ಮ ತಿಮ್ಮಯ್ಯನೋರು ಇಳಿದ ಜಾಗ" ಅಂತ ಅಮ್ಮ ಟ್ಯಾಕ್ಸಿಯವನಿಗೂ ಹೇಳಿದಳು, ಕನ್ನಡದಲ್ಲೇ. ಅವನು ನಗುತ್ತಾ "ಜುಲೇ" ಅಂದ, ಲಡಾಖಿಗಳ ನಮಸ್ಕಾರ ಅದು.

ವಾಪಸ್ ಬರುವ ದಿನ ಮೋಡ ಕವಿದು ವಿಮಾನ ರದ್ದಾಯಿತು. ವರ್ಷಕ್ಕೆ ಸುಮಾರು 100 ಮಿಲಿಮೀಟರ್ ಮಳೆ ಬೀಳುವ ಶೀತ ಮರುಭೂಮಿ, ಮೋಡ ನಮ್ಮ ದಿನವೇ ಬರಬೇಕಾ? ಪುಣ್ಯಕ್ಕೆ ದಿಲ್ಲಿ–ಬೆಂಗಳೂರು ಟಿಕೆಟನ್ನು ಒಂದು ದಿನ ಬಿಟ್ಟು ತೆಗೆದಿದ್ದೆ. ಲೇಹ್ ವಿಮಾನದ ದಿನಕ್ಕೇ ದಿಲ್ಲಿಯಿಂದ ಮುಂದಿನ ಟಿಕೆಟನ್ನೂ ತೆಗೆದುಕೊಂಡಿದ್ದ ನಮ್ಮ ಗೆಸ್ಟ್‌ಹೌಸಿನ ಕುಟುಂಬವೊಂದು ಎರಡೆರಡು ಸಲ ದುಡ್ಡು ತೆತ್ತಿತು.

ಮರುದಿನ ಚೆಕಿಂಗ್ ಮೇಲೆ ಚೆಕಿಂಗ್. ವಾಯುಪಡೆಯ ನೆಲೆ ಅಲ್ವಾ, ಫೋಟೋ ಕೂಡ ತೆಗೆಯುವ ಹಾಗಿಲ್ಲ. ಕೊನೆಗೆ ಹೊರಗೆ ಸಾಲಾಗಿ ಇಟ್ಟ ಲಗೇಜಿನಲ್ಲಿ ನಮ್ಮದು ಯಾವುದು ಅಂತ ನಾವೇ ತೋರಿಸಬೇಕಿತ್ತು. ತೋರಿಸದ ಬ್ಯಾಗ್ ವಿಮಾನ ಹತ್ತುತ್ತಿರಲಿಲ್ಲ. ನಾನು ನನ್ನ ಕಪ್ಪು ಸೂಟ್‌ಕೇಸ್ ಹುಡುಕುತ್ತಿದ್ದೆ. ಅಲ್ಲಿ ಕಪ್ಪು ಸೂಟ್‌ಕೇಸ್‌ಗಳೇ ಹದಿನೈದು ಇದ್ದವು. ಅಮ್ಮ ಸೀದಾ ಹೋಗಿ ಒಂದರ ಹಿಡಿ ಮುಟ್ಟಿದಳು. ಅದಕ್ಕೆ ಅವಳ ಹಳೇ ರೇಷ್ಮೆ ಸೀರೆಯ ಹಸಿರು ಅಂಚಿನ ತುಂಡು ಕಟ್ಟಿತ್ತು. ಯಾವಾಗ ಕಟ್ಟಿದಳೋ, ನಾನು ನೋಡಿಯೇ ಇರಲಿಲ್ಲ.