ಹಳೆ ಮಿಲ್ಲಿಂಗ್ ಮಷೀನಿಗೆ ಟೂಲ್ ಚೇಂಜರ್ ಕೂಡಿಸಿದ್ದು

ಹುಬ್ಬಳ್ಳಿಯ ಗೋಕುಲ ರಸ್ತೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನನ್ನದೊಂದು ಸಣ್ಣ ಶೆಡ್ಡು. ಎರಡು ಲೇಥು, ಒಂದು ಡ್ರಿಲ್ಲು, ಒಂದು ಹಳೆಯ ಬೆಡ್ ಟೈಪ್ ಮಿಲ್ಲಿಂಗ್ ಮಷೀನು. ಮಿಲ್ಲಿಂಗಿಗೆ ಕೆಲವು ವರ್ಷಗಳ ಹಿಂದೆಯೇ ಬಾಲ್ ಸ್ಕ್ರೂ, ಸರ್ವೋ ಹಾಕಿ ಲಿನಕ್ಸ್‌ಸಿಎನ್‌ಸಿ ಎಂಬ ಕಂಪ್ಯೂಟರ್ ಸಾಫ್ಟ್‌ವೇರಿನ ಮೇಲೆ ಓಡಿಸುತ್ತಿದ್ದೆ. ಬರುವ ಕೆಲಸ ಹೆಚ್ಚಾಗಿ ವಾಲ್ವಿನ ಬಾನೆಟ್ಟು, ಅಂದರೆ ಮೇಲಿನ ಮುಚ್ಚಳ. ಫೇಸಿಂಗ್, ಸೆಂಟರ್ ಡ್ರಿಲ್, 8.5 ಡ್ರಿಲ್, ಚ್ಯಾಂಫರ್, ಎಂ10 ಟ್ಯಾಪ್, ಕೊನೆಗೆ ಬೋರಿಂಗ್: ಒಂದು ಜಾಬಿಗೆ ಆರು ಟೂಲು. ಪ್ರತಿ ಟೂಲಿಗೂ ಹುಡುಗ ಸ್ಟೂಲ್ ಹತ್ತಬೇಕು, ಟೂಲನ್ನು ಮೇಲಕ್ಕೆ ಎಳೆದು ಹಿಡಿಯುವ ಡ್ರಾಬಾರ್ ಸರಳನ್ನು ಪಾನಾ ಹಚ್ಚಿ ಸಡಿಲಿಸಬೇಕು, ಇನ್ನೊಂದು ಕೈಯಲ್ಲಿ ಕೆಳಗೆ ಟೂಲ್ ಹಿಡಿದಿರಬೇಕು. ಸಂಜೆಯ ಹೊತ್ತಿಗೆ ಅವನ ತೋಳು ಸೋತು ಹೋಗುತ್ತಿತ್ತು. ಅದನ್ನು ದಿನವೂ ನೋಡಿ ನೋಡಿಯೇ, ಟೂಲನ್ನು ತಾನೇ ಬದಲಿಸುವ ಟೂಲ್ ಚೇಂಜರ್ ಕೂಡಿಸುವ ಈ ಕೆಲಸಕ್ಕೆ ಕೈ ಹಾಕಿದೆ.

ಈಗ ಯಾರೇ ನೋಡಲು ಬಂದರೂ ಮೊದಲು ಕೇಳುವುದು ಟೂಲುಗಳನ್ನು ಹಿಡಿದಿಟ್ಟುಕೊಂಡು ತಿರುಗುವ ತಟ್ಟೆಯ ಬಗ್ಗೆ. ನಾನೂ ಅಲ್ಲಿಂದಲೇ ಶುರು ಮಾಡಿ ಒಂದು ತಿಂಗಳು ಕಳೆದುಕೊಂಡೆ. ತಟ್ಟೆ ತಿರುಗಿಸುವುದು ಕಷ್ಟವೇ ಅಲ್ಲ. ಕಷ್ಟವೆಲ್ಲ ಟೂಲನ್ನು ಹಿಡಿದು ತಿರುಗಿಸುವ ಸ್ಪಿಂಡಲಿನಲ್ಲಿದೆ. ಯಾರಾದರೂ ಮಾಡುವುದಿದ್ದರೆ ದಯವಿಟ್ಟು ಸ್ಪಿಂಡಲಿನಿಂದ ಶುರು ಮಾಡಿ.

ನನ್ನ ಹಳೆ ಸ್ಪಿಂಡಲಿನ ಟೇಪರು, ಅಂದರೆ ಟೂಲ್ ಕೂರುವ ಶಂಕುವಿನಾಕಾರದ ಬಾಯಿ, ಐಎಸ್‌ಒ 40. ನಡುವೆ ಎಂ16 ಡ್ರಾಬಾರ್ ಹೋಗುವಷ್ಟೇ ತೂತು. ಟೂಲನ್ನು ತಾನೇ ಹಿಡಿದು ಬಿಡಬೇಕೆಂದರೆ ಒಳಗೆ ಪುಲ್ ಸ್ಟಡ್ (ಟೂಲಿನ ಮೇಲ್ತುದಿಯ ಗುಬುಟು) ಕಚ್ಚುವ ಗ್ರಿಪ್ಪರ್ ಬೇಕು, ಅದನ್ನು ಮೇಲಕ್ಕೆ ಎಳೆದಿಡುವ ಡಿಸ್ಕ್ ಸ್ಪ್ರಿಂಗುಗಳ ಸಾಲು ಬೇಕು. ಅಷ್ಟಕ್ಕೆ ಬೋರ್ ಅಗಲಿಸಿದರೆ ಸ್ಪಿಂಡಲಿನ ಗೋಡೆ ತೆಳುವಾಗುತ್ತದೆ. ಆ ಆಸೆ ಬಿಟ್ಟು, ಇವೆಲ್ಲ ಒಳಗೇ ಇರುವ ಬಿಟಿ 30 ಟೇಪರಿನ ಕಾರ್ಟ್ರಿಜ್ ಸ್ಪಿಂಡಲ್ ತಂದೆ. ಹಳೆ ಹೆಡ್ಡು ಇಳಿಸಿ, ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ಹೊಸ ಹೆಡ್ಡಿಗೆ ಎರಕ ಹೊಯ್ಯಿಸಿದೆ. ಪಕ್ಕದ ಶೆಡ್ಡಿನ ಬೋರಿಂಗ್ ಮಷೀನಿನಲ್ಲಿ ಬೋರ್ ಆಯಿತು. ಟೆಸ್ಟ್ ಬಾರ್ ಹಾಕಿ ಡಯಲ್ ಹಚ್ಚಿದಾಗ ಓಲಾಟ ಸ್ಪಿಂಡಲಿನ ಮೂಗಿನ (ಕೆಳತುದಿಯ) ಹತ್ತಿರ 5 ಮೈಕ್ರಾನ್, 150 ಮಿ.ಮೀ. ಕೆಳಗೆ 12. ನಮ್ಮ ಕೆಲಸಕ್ಕೆ ಅಷ್ಟು ಸಾಕಾಗಿತ್ತು.

ಈ ಸ್ಪಿಂಡಲಿನ ಗುಣವೆಂದರೆ ಟೂಲನ್ನು ಹಿಡಿಯುವುದು ಸ್ಪ್ರಿಂಗು, ಬಿಡಿಸುವುದು ಮಾತ್ರ ಗಾಳಿ. ನಡುವೆ ಕರೆಂಟ್ ಹೋದರೂ, ಪೈಪ್ ಒಡೆದರೂ ಟೂಲ್ ಕೆಳಗೆ ಬೀಳುವುದಿಲ್ಲ. ಅದಕ್ಕೇ ಬಿಡಿಸುವ ಸಿಲಿಂಡರಿಗೆ, ಕರೆಂಟ್ ಹೋದೊಡನೆ ತಾನೇ ಹಿಂದಿರುಗಿ ಗಾಳಿ ನಿಲ್ಲಿಸುವ, ಸ್ಪ್ರಿಂಗ್ ರಿಟರ್ನ್ ಇರುವ ಸಿಂಗಲ್ ಸೊಲೆನಾಯ್ಡ್ ವಾಲ್ವನ್ನೇ ಹಾಕಬೇಕು. ತಟ್ಟೆಯನ್ನು ಒಳಗೆ ಹೊರಗೆ ಸರಿಸುವ ಸಿಲಿಂಡರಿಗೆ ಡಬಲ್ ಸೊಲೆನಾಯ್ಡ್. ಅದು ಕರೆಂಟ್ ಹೋದಾಗ ತಾನಾಗಿ ದಿಕ್ಕು ಬದಲಿಸಬಾರದು.

ನನ್ನ ಕಾರ್ಟ್ರಿಜ್ಜಿನ ಸ್ಪ್ರಿಂಗ್ ಒತ್ತಿ ಟೂಲ್ ಬಿಡಿಸಲು 600 ಕೆ.ಜಿ.ಯಷ್ಟು ಬಲ ಬೇಕು. 100 ಮಿ.ಮೀ. ಬೋರಿನ ಸಿಲಿಂಡರು 6 ಬಾರ್ ಗಾಳಿಗೆ ಕೊಡುವುದು ಸುಮಾರು 480. ಈ ಲೆಕ್ಕ ಮೊದಲೇ ಹಾಕದೆ ಒಂದೇ ಸಿಲಿಂಡರ್ ತಂದು ಕೂಡಿಸಿದೆ, ಟೂಲ್ ಕದಲಲಿಲ್ಲ. ಆಮೇಲೆ ಒಂದರ ಮೇಲೊಂದು ಎರಡು ಪಿಸ್ಟನ್ ಇರುವುದನ್ನು ಹಾಕಿದೆ. ಗಾಳಿ 5 ಬಾರಿಗೆ ಇಳಿದಾಗಲೂ ಅದು ಬಿಡಿಸುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಆ 600 ಕೆ.ಜಿ. ಒತ್ತಡ ಬೇರಿಂಗಿನ ಮೇಲೆ ಹೋಗಬಾರದು. ಸಿಲಿಂಡರನ್ನು ಹೆಡ್ಡಿಗೆ ಬಿಗಿದು ನೇರ ಒತ್ತಿದರೆ, ಪ್ರತಿ ಸಲ ಟೂಲ್ ಬದಲಿಸಿದಾಗಲೂ ಬೇರಿಂಗಿಗೆ ಪೆಟ್ಟು. ದಿನಕ್ಕೆ ನೂರೈವತ್ತು ಸಲ ಹಾಗಾದರೆ ಬಾಲ್ ಕುಂತ ಜಾಗದಲ್ಲಿ ರೇಸಿನ ಮೇಲೆ ಗುಳಿ ಬೀಳುತ್ತದೆ. ನಾನು ಸಿಲಿಂಡರನ್ನು ನಾಲ್ಕು ಗೈಡ್ ಬೋಲ್ಟುಗಳ ಮೇಲೆ, ಸ್ಪ್ರಿಂಗ್ ಕೊಟ್ಟು, ತೇಲುವಂತೆ ಕೂಡಿಸಿದೆ. ಪಿಸ್ಟನ್ ಕೆಳಗೆ ಒತ್ತುವಾಗ ಸಿಲಿಂಡರೇ ಮೇಲೇಳುತ್ತದೆ; ಅದಕ್ಕೆ ಜೋಡಿಸಿದ ಫೋರ್ಕು ಸ್ಪಿಂಡಲ್ ತುದಿಯ ಕಾಲರನ್ನು ಕೆಳಗಿನಿಂದ ಹಿಡಿಯುತ್ತದೆ. ಒತ್ತುವ ಬಲ, ತಡೆಯುವ ಬಲ ಎರಡೂ ಸ್ಪಿಂಡಲಿನಲ್ಲೇ ಮುಗಿಯುತ್ತವೆ. ಸಿಲಿಂಡರಿನ ಗಾಳಿ ಹೊರಗೆ ಹೋದ ಮೇಲೆ ಫೋರ್ಕು, ಕಾಲರಿನ ನಡುವೆ ಒಂದು ಮಿ.ಮೀ. ಸಂದು ಉಳಿಯಲೇಬೇಕು, ಇಲ್ಲದಿದ್ದರೆ ಸ್ಪಿಂಡಲ್ ತಿರುಗುವಾಗ ಉಜ್ಜುತ್ತದೆ.

ಸ್ಪಿಂಡಲನ್ನು ಪ್ರತಿ ಸಲ ಒಂದೇ ಕೋನಕ್ಕೆ ನಿಲ್ಲಿಸುವ ಕೆಲಸ ನನ್ನನ್ನು ವಾರಗಟ್ಟಲೆ ಕಾಡಿತು. ಮೂಗಿನ ಎರಡು ಕೀಗಳು ಟೂಲಿನ ಕಚ್ಚುಗಳಿಗೆ ಸರಿಯಾಗಿ ಬಂದರೆ ಮಾತ್ರ ಟೂಲ್ ಒಳಗೆ ಹೋಗುತ್ತದೆ. ಟಾರ್ಕ್ ಹೆಚ್ಚು ಸಿಗಲೆಂದು ಸರ್ವೋ ಮೋಟರಿಗೆ 24 ಹಲ್ಲಿನ ಪುಲ್ಲಿ, ಸ್ಪಿಂಡಲಿಗೆ 36 ಹಲ್ಲಿನದು ಹಾಕಿದ್ದೆ. ಮೋಟರಿನ ಪ್ರತಿ ಸುತ್ತಿಗೆ ಒಮ್ಮೆ ಬರುವ ಇಂಡೆಕ್ಸ್ ಪಲ್ಸ್ ನೋಡಿ ನಿಲ್ಲಿಸುತ್ತಿದ್ದೆ. ಒಮ್ಮೆ ಟೂಲ್ ಸಲೀಸಾಗಿ ಕೂರುತ್ತಿತ್ತು, ಮತ್ತೊಮ್ಮೆ ಕೀ ಮೇಲೆ ಬಡಿದು ನಿಲ್ಲುತ್ತಿತ್ತು. ಮೋಟರ್ ನಡೆಸುವ ಡ್ರೈವಿನ ಪ್ಯಾರಾಮೀಟರುಗಳನ್ನು ಎಷ್ಟು ತಿದ್ದಿದರೂ ಹಾಗೇ.

ನಮ್ಮಲ್ಲಿ ಲೇಥ್ ನೋಡಿಕೊಳ್ಳುವ ಹಿರಿಯ ಫಿಟ್ಟರ್ ಕಾಕಾ ಒಂದು ಮಧ್ಯಾಹ್ನ ಸೀಮೆಸುಣ್ಣ ಹಿಡಿದು ಪಕ್ಕಕ್ಕೆ ಬಂದು ಕುಂತರು. ಸ್ಪಿಂಡಲ್ ನಿಂತಾಗಲೆಲ್ಲ ಪುಲ್ಲಿಯ ಮೇಲೆ ಒಂದು ಗೆರೆ ಎಳೆಯುತ್ತ ಹೋದರು. ಹತ್ತು ಸಲ ನಿಲ್ಲಿಸಿದರೂ ಪುಲ್ಲಿಯ ಮೇಲೆ ಬಿದ್ದದ್ದು ಮೂರೇ ಗೆರೆ.

"ತಮ್ಮಾ, ಇದು ಮೂರ ಜಾಗಾದಾಗ ನಿಂದ್ರತೈತಿ ನೋಡ. ಡ್ರೈವಿಂದೇನೂ ತಪ್ಪಿಲ್ಲ, ಹಲ್ಲಿನ ಲೆಕ್ಕಾ ಹಾಕು."

ಲೆಕ್ಕ ಹಾಕಿದೆ. ಮೋಟರ್ ಒಂದು ಸುತ್ತು ಹಾಕಿದರೆ ಸ್ಪಿಂಡಲ್ ತಿರುಗುವುದು 240 ಡಿಗ್ರಿ. ಹಾಗಾಗಿ ಇಂಡೆಕ್ಸ್ ಬಂದಾಗ ಸ್ಪಿಂಡಲ್ ಸೊನ್ನೆಯಲ್ಲಿರಬಹುದು, 240ರಲ್ಲಿರಬಹುದು, 120ರಲ್ಲಿರಬಹುದು. ಕೀ ಹೊಂದುವುದು ಮೂರರಲ್ಲಿ ಒಂದಕ್ಕೆ. ಸ್ಪಿಂಡಲಿನ ಕಾಲರಿಗೇ ಒಂದು ಸ್ಕ್ರೂ ಕೂಡಿಸಿ ಎದುರಿಗೆ, ಲೋಹ ಹತ್ತಿರ ಬಂದರೆ ಆನ್ ಆಗುವ ಎಂ8 ಪ್ರಾಕ್ಸಿ ಸೆನ್ಸರ್ ಇಟ್ಟೆ. ಪ್ರಾಕ್ಸಿ ಆನ್ ಇದ್ದಾಗ ಬಂದ ಇಂಡೆಕ್ಸನ್ನು ಮಾತ್ರ ಒಪ್ಪಿಕೊಳ್ಳುವಂತೆ ಪ್ರೋಗ್ರಾಂ ಬದಲಿಸಿದೆ. ಅಂದಿನಿಂದ ಕೀ ತಪ್ಪಿಲ್ಲ. ಆ ಸೀಮೆಸುಣ್ಣದ ಗೆರೆಗಳು ಬಹಳ ದಿನ ಪುಲ್ಲಿಯ ಮೇಲಿದ್ದವು, ಒರೆಸಲು ನನಗೆ ಮನಸ್ಸಾಗಲಿಲ್ಲ.

ತಟ್ಟೆಗೆ ಎಂಟು ಪಾಕೆಟ್ಟು, ತಿರುಗಿಸಲು ಒಂದೊಂದೇ ಪಾಕೆಟ್ ಸರಿಸಿ ನಿಲ್ಲಿಸುವ ಜಿನೀವಾ ವೀಲು, ಸಣ್ಣ ಗೇರ್ ಮೋಟರು. ಟೂಲಿನ 46 ಮಿ.ಮೀ. ಫ್ಲಾಂಜಿನ ತೋಡನ್ನು ಪಾಕೆಟ್ಟಿನ ಬೆರಳುಗಳು ಹಿಡಿಯುತ್ತವೆ. ಇಲ್ಲೊಂದು ತಪ್ಪು ಮಾಡಿದೆ. ಬಿಡಿಸುವಾಗ ಡ್ರಾಬಾರ್ ಟೂಲನ್ನು ಅರ್ಧ ಮಿ.ಮೀ.ಯಷ್ಟು ಕೆಳಗೆ ತಳ್ಳುತ್ತದೆ. ನಾನು ತಟ್ಟೆಯನ್ನು ಅಲುಗದಂತೆ ಬಿಗಿದಿದ್ದೆ. ಮೂರನೆಯ ದಿನ ಒಂದು ಬೆರಳು ಮುರಿದು ಬಿತ್ತು. ಈಗ ತಟ್ಟೆಯ ತಳಕ್ಕೆ ಸ್ಪ್ರಿಂಗ್ ಇದೆ, ಅದು ಮೇಲೆ ಕೆಳಗೆ ಸ್ವಲ್ಪ ಆಡುತ್ತದೆ.

ಪ್ರೋಗ್ರಾಮಿನಲ್ಲಿ ಮೊದಲು ಟೈಮರ್ ಇಟ್ಟಿದ್ದೆ: ಸಿಲಿಂಡರಿಗೆ ಗಾಳಿ ಕೊಡು, ಒಂದು ಸೆಕೆಂಡ್ ಕಾಯು, ಹೆಡ್ಡು ಎತ್ತು. ಗಾಳಿ ಕಡಿಮೆಯಿದ್ದ ಒಂದು ಸಂಜೆ ಟೂಲ್ ಬಿಡುವ ಮೊದಲೇ ಹೆಡ್ಡು ಎದ್ದು ತಟ್ಟೆಯನ್ನೇ ಮೇಲಕ್ಕೆ ಎಳೆಯಿತು. ಟೈಮರುಗಳನ್ನೆಲ್ಲ ಕಿತ್ತು ಹಾಕಿದೆ. ಡ್ರಾಬಾರಿನ ತುದಿಗೆ ಮೂರು ಸೆನ್ಸರ್ ಇವೆ: ಟೂಲ್ ಬಿಟ್ಟಿದೆ, ಟೂಲ್ ಹಿಡಿದಿದೆ, ಟೂಲ್ ಇಲ್ಲದೆ ಬರಿದೇ ಮೇಲೆ ಹೋಗಿದೆ. ಬೇಕಾದ ಸಿಗ್ನಲ್ ಬರುವತನಕ ಮಷೀನು ಮುಂದಿನ ಹೆಜ್ಜೆ ಇಡುವುದಿಲ್ಲ. ‘ಹಿಡಿದಿದೆ’ ಸಿಗ್ನಲ್ ಇಲ್ಲದೆ ಸ್ಪಿಂಡಲ್ ತಿರುಗುವುದಿಲ್ಲ. ಈ ಒಂದನ್ನು ಪ್ರೋಗ್ರಾಮಿಗೂ ಬಿಡದೆ ರಿಲೇ ಮೂಲಕ ವೈರಿಂಗಿನಲ್ಲೇ ಕಟ್ಟಿದ್ದೇನೆ.

ಈಗ ಆರು ಟೂಲಿನ ಬಾನೆಟ್ಟು ಕೈ ಹಚ್ಚದೆ ಮುಗಿಯುತ್ತದೆ. ಪ್ರತಿ ಬದಲಾವಣೆಗೆ 11 ಸೆಕೆಂಡು. ಮಷೀನು ಓಡುವ ಹೊತ್ತಿನಲ್ಲಿ ಹುಡುಗ ಮುಂದಿನ ಜಾಬ್ ಫಿಕ್ಸ್ಚರಿಗೆ ಕಟ್ಟುತ್ತಾನೆ, ಮುಗಿದದ್ದಕ್ಕೆ ಗೇಜ್ ಹಾಕುತ್ತಾನೆ.

ಈ ಮಳೆಗಾಲದಲ್ಲಿ ಒಂದು ಹೊಸ ತಲೆನೋವು ಬಂತು. ಟೇಪರಿನ ಚಿಪ್ಸ್ (ಲೋಹದ ಚೂರು) ಹಾರಿಸಲು ಡ್ರಾಬಾರಿನ ನಡುವಿನಿಂದ ಗಾಳಿ ಊದಿಸುತ್ತೇನೆ. ಜಿಟಿಜಿಟಿ ಮಳೆಯ ದಿನಗಳಲ್ಲಿ ಆ ಗಾಳಿಯೊಂದಿಗೆ ನೀರೂ ಬಂದು, ರಾತ್ರಿ ನಿಂತ ಟೂಲಿನ ಟೇಪರಿಗೆ ಕಂದು ಚುಕ್ಕೆ ಹತ್ತಿದವು. ಸಿಲಿಂಡರಿನ ಲೈನಿನಿಂದ ಬೇರೆ ಮಾಡಿ, ಊದುವ ಲೈನಿಗೆ ಎಣ್ಣೆ ಬೆರೆಯದ ಪ್ರತ್ಯೇಕ ಫಿಲ್ಟರ್ ಹಾಕಿದೆ. ಬೆಳಗ್ಗೆ ಶಟರ್ ಎತ್ತಿದ ಕೂಡಲೇ ಹುಡುಗ ಮೊದಲು ಕಂಪ್ರೆಸರಿನ ತಳದ ಕಾಕ್ ತೆರೆದು ನೀರು ಬಿಡುತ್ತಾನೆ, ಆಮೇಲೆಯೇ ಮಷೀನಿನ ಸ್ವಿಚ್ಚು.