ಜಿಪಿಎಸ್‌ನಿಂದ ಕಂಪ್ಯೂಟರ್ ಸಮಯ ಹೊಂದಿಸಿದ ನನ್ನ ಅನುಭವ

ಹ್ಯಾಮ್ (ಹವ್ಯಾಸಿ) ರೇಡಿಯೋದಲ್ಲಿ ಎಫ್‌ಟಿ8 ಎಂಬ ಡಿಜಿಟಲ್ ಸಂದೇಶ ವಿಧಾನ ಬಳಸುವವರಿಗೆ ಕಂಪ್ಯೂಟರ್ ಗಡಿಯಾರ ಸರಿ ಇರಲೇಬೇಕು. ಅದರಲ್ಲಿ ಸಂದೇಶ ಕಳಿಸಲು 15 ಸೆಕೆಂಡಿಗೊಂದು ಸರದಿ. ಗಡಿಯಾರ ಎರಡೂವರೆ ಸೆಕೆಂಡು ಆಚೀಚೆ ಆದರೆ ಡಿಕೋಡ್ ಆಗುವುದೇ ಇಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಇಂಟರ್‌ನೆಟ್ ನಂಬುವ ಹಾಗಿಲ್ಲ. ಅದಕ್ಕೇ ಜಿಪಿಎಸ್ ಮಾಡ್ಯೂಲ್ ಒಂದನ್ನು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಸೀರಿಯಲ್ ಪಿನ್‌ಗಳಿಗೆ ಜೋಡಿಸಿ, ಜಿಪಿಎಸ್ ಮಾಹಿತಿ ಓದುವ ಜಿಪಿಎಸ್‌ಡಿ ಮತ್ತು ಗಡಿಯಾರ ಹೊಂದಿಸುವ ಕ್ರೋನಿ ಎಂಬ ತಂತ್ರಾಂಶಗಳನ್ನು ಹಾಕಿದೆ.

ಉಪಗ್ರಹಗಳು ಚೆನ್ನಾಗಿ ಸಿಕ್ಕವು. ಆದರೂ ಎಫ್‌ಟಿ8 ತಂತ್ರಾಂಶದ ಡಿಟಿ ಕಾಲಂನಲ್ಲಿ (ಬಂದ ಸಂದೇಶಕ್ಕೂ ನಮ್ಮ ಗಡಿಯಾರಕ್ಕೂ ಇರುವ ಸಮಯದ ವ್ಯತ್ಯಾಸ) ಸ್ಟೇಷನ್‌ಗಳೆಲ್ಲ ಸುಮಾರು ಅರ್ಧ ಸೆಕೆಂಡು ಮೈನಸ್ ಕಡೆಗೇ ಇದ್ದವು. ಒಬ್ಬಿಬ್ಬರದು ಹಾಗಿದ್ದರೆ ಅವರ ಗಡಿಯಾರದ ತೊಂದರೆ. ಎಲ್ಲರದೂ ಹಾಗಿದ್ದರೆ ನಮ್ಮ ಗಡಿಯಾರವೇ ಹಿಂದೆ ಬಿದ್ದಿದೆ, ಅಲ್ವಾ?

ಇಂಟರ್‌ನೆಟ್ ಇದ್ದಾಗ ಕ್ರೋನಿಯ ಸೆಟ್ಟಿಂಗ್ ಫೈಲ್‌ನಲ್ಲಿ ಜಿಪಿಎಸ್ ಸಾಲಿಗೆ ನೋಸೆಲೆಕ್ಟ್ ಎಂಬ ಪದ ಸೇರಿಸಿದೆ. ಆಗ ಕ್ರೋನಿ ಜಿಪಿಎಸ್ ಸಮಯವನ್ನು ಬಳಸುವುದಿಲ್ಲ, ಇಂಟರ್‌ನೆಟ್‌ನಲ್ಲಿ ಸಮಯ ಕೊಡುವ ಎನ್‌ಟಿಪಿ ಸರ್ವರ್‌ಗಳ ಪಕ್ಕ ಸುಮ್ನೆ ಅಳೆದು ತೋರಿಸುತ್ತದೆ. ವ್ಯತ್ಯಾಸ ಬರೀ ದೊಡ್ಡದಾಗಿರಲಿಲ್ಲ, ಹೊತ್ತುಹೊತ್ತಿಗೆ ಬದಲಾಗುತ್ತಿತ್ತು. ನನಗೆ ಮುಖ್ಯ ಅನ್ನಿಸಿದ್ದು ಆ ಓಲಾಟವೇ. ಯಾವಾಗಲೂ ಒಂದೇ ಸಮನೆ ತಡವಾಗುತ್ತಿದ್ದರೆ ಆಫ್‌ಸೆಟ್ (ತಡವನ್ನು ಸರಿದೂಗಿಸುವ) ಅಂಕಿ ಒಂದನ್ನು ಹಾಕಿದರೆ ಮುಗಿಯಿತು. ಓಲಾಡುವ ತಡಕ್ಕೆ ಯಾವ ಅಂಕಿ ಹಾಕುವುದು?

ಕಾರಣ ಎನ್‌ಎಂಇಎ ಸಾಲುಗಳಲ್ಲಿ, ಅಂದರೆ ಮಾಡ್ಯೂಲ್ ಸಮಯ, ಸ್ಥಳ ಮುಂತಾದ್ದನ್ನು ಕಳಿಸುವ ಅಕ್ಷರದ ಸಾಲುಗಳಲ್ಲಿತ್ತು. 9600 ಬಾಡ್ ವೇಗದಲ್ಲಿ (ಸೆಕೆಂಡಿಗೆ 9600 ಬಿಟ್) ಒಂದು ಅಕ್ಷರ ಬರಲು ಸುಮಾರು ಒಂದು ಮಿಲಿಸೆಕೆಂಡು ಬೇಕು. 80 ಅಕ್ಷರದ ಸಾಲೊಂದಕ್ಕೆ 80 ಮಿಲಿಸೆಕೆಂಡಿಗೂ ಜಾಸ್ತಿ. ಕಾಣುವ ಉಪಗ್ರಹಗಳ ಪಟ್ಟಿ ಕೊಡುವ ಜಿಎಸ್‌ವಿ ಸಾಲೊಂದರಲ್ಲಿ ನಾಲ್ಕು ಉಪಗ್ರಹಗಳ ವಿವರ ಮಾತ್ರ ಹಿಡಿಸುತ್ತದೆ. ಆಕಾಶದಲ್ಲಿ ಉಪಗ್ರಹ ಹೆಚ್ಚಾದಂತೆ ಸಾಲುಗಳೂ ಹೆಚ್ಚು. ನನ್ನ ಮಾಡ್ಯೂಲ್‌ನಲ್ಲಿ ಸಮಯ ಹೊತ್ತ ಸಾಲು ಇವೆಲ್ಲದರ ಹಿಂದೆ ಕಾಯುತ್ತಿತ್ತು. ಜಿಎಸ್‌ವಿ ಮತ್ತು ಬೇಡದ ಇತರ ಸಾಲುಗಳನ್ನು ನಿಲ್ಲಿಸಿದೆ, ಬಾಡ್ ರೇಟ್ ಏರಿಸಿದೆ. ಓಲಾಟ ತಗ್ಗಿತು. ಉಳಿದ ತಡವನ್ನು ಮತ್ತೆ ಅಳೆದು ಕ್ರೋನಿಯ ಜಿಪಿಎಸ್ ಸಾಲಿನಲ್ಲಿ (ರೆಫ್‌ಕ್ಲಾಕ್) ಪ್ಲಸ್ ಆಫ್‌ಸೆಟ್ ಆಗಿ ಕೊಟ್ಟೆ.

ಎಫ್‌ಟಿ8ಗೆ ಇಷ್ಟೇ ಧಾರಾಳವಾಗಿ ಸಾಕು. ಆದರೆ ಮಾಡ್ಯೂಲ್‌ನಲ್ಲಿ ಪಿಪಿಎಸ್ (ಸೆಕೆಂಡಿಗೊಂದು ಪಲ್ಸ್ ಕೊಡುವ) ಪಿನ್ ಇದ್ದಮೇಲೆ ಬಳಸದೆ ಬಿಡಲು ಮನಸ್ಸು ಬರಲಿಲ್ಲ. ಅದನ್ನು ಪೈನ ಜಿಪಿಐಒ 18 ಪಿನ್‌ಗೆ ಕೊಟ್ಟಾಗ ವ್ಯತ್ಯಾಸ ಮೈಕ್ರೋಸೆಕೆಂಡುಗಳಿಗೆ ಇಳಿಯಿತು. ಪಿಪಿಎಸ್ ಸೆಕೆಂಡು ಶುರುವಾದ ಗಳಿಗೆಯನ್ನು ಹೇಳುತ್ತದೆ, ಅದು ಯಾವ ಸೆಕೆಂಡು ಅಂತ ಹೇಳುವುದಿಲ್ಲ. ಅದಕ್ಕೆ ಎನ್‌ಎಂಇಎ ಬೇಕೇ ಬೇಕು, ಅದರ ತಪ್ಪು ಅರ್ಧ ಸೆಕೆಂಡಿಗಿಂತ ಕಡಿಮೆ ಇರಬೇಕು. ಹಾಗಾಗಿ ಮೊದಲು ಮಾಡಿದ ಅಳತೆ ಇಲ್ಲೂ ಉಪಯೋಗಕ್ಕೆ ಬಂತು. ಪಿಪಿಎಸ್ ಹಾಕಿದ ಮೇಲೂ ಸರಿಯಾಗಿ 100 ಮಿಲಿಸೆಕೆಂಡು ವ್ಯತ್ಯಾಸ ಕಂಡರೆ ಪಲ್ಸ್‌ನ ಏರುವ ಅಂಚಿನ ಬದಲು ಇಳಿಯುವ ಅಂಚು ಓದುತ್ತಿದೆಯೇ ನೋಡಿ. ಎಷ್ಟೋ ಮಾಡ್ಯೂಲ್‌ಗಳಲ್ಲಿ ಪಲ್ಸ್ ಅಗಲ ಅಷ್ಟೇ ಇರುತ್ತದೆ.

ಸೆಕೆಂಡುಗಟ್ಟಲೆ ತಪ್ಪಿದರೆ ಕಥೆ ಬೇರೆ. ಭೂಮಿಯ ತಿರುಗುವಿಕೆಗೆ ಹೊಂದಿಸಲು ಯುಟಿಸಿಗೆ (ಜಗತ್ತಿನ ಪ್ರಮಾಣ ಸಮಯ) ಆಗೀಗ ಸೇರಿಸುವ ಲೀಪ್ ಸೆಕೆಂಡನ್ನು ಜಿಪಿಎಸ್ ಸಮಯಕ್ಕೆ ಸೇರಿಸುವುದಿಲ್ಲ. 2017ರ ಜನವರಿಯಿಂದ ಅದು ಯುಟಿಸಿಗಿಂತ 18 ಸೆಕೆಂಡು ಮುಂದಿದೆ. ಈ ತಿದ್ದುಪಡಿ ಉಪಗ್ರಹದಿಂದಲೇ ಬರುತ್ತದೆ, ಪೂರ್ತಿ ಸಂದೇಶದ ಒಂದು ಸುತ್ತಿಗೆ 12.5 ನಿಮಿಷ. ತುಂಬಾ ದಿನ ಆಫ್ ಮಾಡಿಟ್ಟ ಮಾಡ್ಯೂಲ್ ಹಚ್ಚಿದ ಕೂಡಲೇ ಕೆಲವು ಸೆಕೆಂಡು ತಪ್ಪು ತೋರಿಸಿದರೆ ಯಾವ ಅಂಕಿಯನ್ನೂ ಮುಟ್ಟಬೇಡಿ. ಆಂಟೆನಾವನ್ನು ಬಯಲಿಗಿಟ್ಟು ಹದಿನೈದು ನಿಮಿಷ ಬಿಟ್ಟು ನೋಡಿ.