ರಾಯಚೂರಿನ ಬಿಸಿಲಲ್ಲಿ ಆರ್-22 ರಿಕವರಿ: ನನ್ನ ಅನುಭವ

ರಿಪೇರಿಗೆ ಬಂದ ಹಳೆ ಎಸಿಯಲ್ಲಿ ತಂಪು ಕೊಡೋ ಆರ್-22 ಗ್ಯಾಸನ್ನು ಗಾಳಿಗೆ ಬಿಡದೆ ಮಷಿನ್‌ನಿಂದ ಸಿಲಿಂಡರ್‌ಗೆ ಎಳೆದಿಟ್ಟು (ಇದೇ ರಿಕವರಿ), ಲೀಕ್ ಮುಚ್ಚಿ, ಅದನ್ನೇ ತಿರುಗಿ ಹಾಕಬೇಕು ಅಂದಾಗ ಇಲ್ಲಿನ ಮೆಕ್ಯಾನಿಕ್‌ಗಳು ಒಪ್ಪಲಿಲ್ಲ. ‘42 ಡಿಗ್ರಿ ಬಿಸಿಲಾಗ ರಿಕವರಿ ಆಗಂಗಿಲ್ರಿ’ ಅಂದರು. ಎರಡು ಬೇಸಿಗೆ ಕಳೀತು, ಚೆನ್ನಾಗೇ ಆಗ್ತಿದೆ.

ಮೊದಮೊದಲು ಕೆಲಸ ಕೆಟ್ಟಿದ್ದೆಲ್ಲ ಸಿಲಿಂಡರ್‌ನಿಂದ. ಮಾಳಿಗೆ ಮೇಲೆ ಬಿಸಿಲಲ್ಲಿಟ್ಟರೆ ಅದು 50 ಡಿಗ್ರಿ ಮುಟ್ಟಿ ಒಳಗಿನ ಒತ್ತಡ 265 ಪಿಎಸ್‌ಐ (ಒತ್ತಡದ ಅಳತೆ) ಆಗುತ್ತೆ, ಮಷಿನ್ ಟ್ರಿಪ್ ಹೊಡೆದು ತಾನೇ ನಿಲ್ಲುತ್ತೆ. ಟಬ್‌ನಲ್ಲಿ ಐಸ್ ನೀರು ತುಂಬಿ ಸಿಲಿಂಡರ್ ಅದರಲ್ಲಿಟ್ಟೆ. 15 ಡಿಗ್ರಿಗೆ ಇಳಿದರೆ 100 ಪಿಎಸ್‌ಐ ಅಷ್ಟೇ. 50 ನಿಮಿಷದ ಕೆಲಸ 20ಕ್ಕೆ ಬಂತು. ಆಗಾಗ ಹೊರಗೆ ತೆಗೆದು, ಒರೆಸಿ, ತೂಗಿ ನೋಡಿ; ಸಿಲಿಂಡರ್ 80%ಗಿಂತ ಹೆಚ್ಚು ತುಂಬಬಾರದು. ಒಮ್ಮೆ ಬಳಸಿ ಬಿಸಾಡೋ ಸಿಲಿಂಡರ್‌ಗೆ ಗ್ಯಾಸ್ ತುಂಬಲೇಬೇಡಿ, ಒಡೆಯುತ್ತೆ.

ತುಂಬಿದ ಸಿಲಿಂಡರನ್ನು ರಾತ್ರಿ ನೆರಳಲ್ಲಿಟ್ಟು ಬೆಳಿಗ್ಗೆ ಗೇಜ್ ಹಾಕಿ. 30 ಡಿಗ್ರಿಗೆ 158 ಪಿಎಸ್‌ಐ ಇರಬೇಕು. 170 ದಾಟಿದರೆ ಗಾಳಿ ಸೇರಿದೆ.

ಲೀಕ್ ನೋಡೋಕೆ ಗ್ಯಾಸ್ ತೆಗೆದ ಎಸಿಗೆ ನೈಟ್ರೋಜನ್ 250 ಪಿಎಸ್‌ಐ ತುಂಬಿಡಿ. ಬೆಳಿಗ್ಗೆಗಿಂತ ಮಧ್ಯಾಹ್ನ ಬಿಸಿ 15 ಡಿಗ್ರಿ ಏರಿದರೆ ಮುಳ್ಳು 13 ಮೇಲೇರುತ್ತೆ, ಸಂಜೆ ಇಳಿಯುತ್ತೆ. ಅದನ್ನೇ ಲೀಕ್ ಅಂದ್ಕೊಂಡು ಎರಡು ಒಳ್ಳೆ ಕಾಯಿಲ್ ಬಿಚ್ಚಿಸಿದ್ದೆ. ಮರುದಿನ ಅದೇ ಹೊತ್ತಿಗೇ ಹೋಲಿಸಿ. ಆಮೇಲೆ ಪಂಪ್‌ನಿಂದ ಒಳಗಿನ ಗಾಳಿ ಎಳೆದು 500 ಮೈಕ್ರಾನ್ (ವ್ಯಾಕ್ಯೂಮ್‌ನ ಅಳತೆ) ವ್ಯಾಕ್ಯೂಮ್ ಮಾಡಿ, ಪಂಪ್ ನಿಲ್ಲಿಸಿ 15 ನಿಮಿಷ ಕಾದು ಅದು ಏರುತ್ತಾ ನೋಡಿ.

ನಡುವೆ ಆರ್-22ರ ಬದಲು 407ಸಿ ಅನ್ನೋ ಗ್ಯಾಸ್ ಹಾಕಿ ನೋಡಿದೆ. ಹಳೆ ಮಿನರಲ್ ಎಣ್ಣೆ ಬದಲಿಸಿರಲಿಲ್ಲ, ಎಣ್ಣೆ ವಾಪಸ್ ಬರದೆ ಕಂಪ್ರೆಸರ್ ಜಾಮ್. ಕೈಯಿಂದ 9,000 ರೂಪಾಯಿ ಹೋಯ್ತು. ಆರ್-290 (ಪ್ರೊಪೇನ್) ಅರ್ಧಕ್ಕಿಂತ ಕಡಿಮೆ ತೂಕದಲ್ಲೇ ತಂಪು ಕೊಟ್ಟಿತು. ಆದರೆ ಹತ್ತಿ ಉರಿಯೋ ಗ್ಯಾಸ್, ಹಳೆ ಯೂನಿಟ್‌ನ ರಿಲೇ ಕಿಡಿ ಹಾರಿಸುತ್ತೆ. ಅಂಗಳದಲ್ಲಿ ನೋಡಿ ಅಲ್ಲಿಗೇ ಬಿಟ್ಟೆ. ಗಿರಾಕಿಯ ಕೋಣೆಗೆ ಅದು ಬೇಡ.

ರಿಕವರಿ ಮಷಿನ್‌ಗೆ 45,000 ಆಸುಪಾಸು ಬಿತ್ತು. 1.5 ಟನ್ ಎಸಿಯಲ್ಲಿ ಲೀಕಾಗಿ ಉಳಿದದ್ದು 600-700 ಗ್ರಾಂ ಸಿಗುತ್ತೆ. ಎರಡು ಬೇಸಿಗೆಯಲ್ಲಿ 70 ಕಿಲೋ ಉಳಿದಿರಬೇಕು. ಕಿಲೋಗೆ 600 ಹಿಡಿದರೆ ಮಷಿನ್ ದುಡ್ಡು ಹತ್ತಿರ ಹತ್ತಿರ ಬಂದಂಗೇ. ಪೈಪ್ ತೊಳೆಯೋ 141ಬಿ 2020ರ ಜನವರಿಗೇ ನಿಂತಿತು. ಓಝೋನ್ ಪದರ ಕೆಡಿಸೋ ಗ್ಯಾಸ್‌ಗಳ ಮೇಲಿನ 2000ದ ನಿಯಮಗಳಡಿ ಆರ್-22ರ ಪೂರೈಕೆಯೂ ಇಳೀತಾ ಇದೆ. 2030ರಿಂದ 2040ರವರೆಗೆ ಸರ್ವಿಸ್‌ಗೆ ಉಳಿಯೋದು ಕಡಿತಕ್ಕೆ ಮುಂಚಿನ ಮೂಲ ಪ್ರಮಾಣದ 2.5% ಮಾತ್ರ. ಹಳೆ ಎಸಿಗಳು ಅಷ್ಟು ಬೇಗ ಮೂಲೆ ಸೇರಲ್ಲ, ಅದಕ್ಕೇ ಈಗಲೇ ಕೂಡಿಡಿ ಅನ್ನೋದು.

ಸುಟ್ಟ ಕಂಪ್ರೆಸರ್‌ನ ಗ್ಯಾಸ್‌ನಲ್ಲಿ ಆಸಿಡ್ ಇರುತ್ತೆ, ಅದಕ್ಕೆ ಬೇರೆ ಸಿಲಿಂಡರ್. ಅಂಥದ್ದು 9 ಕಿಲೋ ಹಾಗೇ ಇದೆ. ಶುದ್ಧ ಮಾಡಿಕೊಡೋರು ಹತ್ತಿರದಲ್ಲಿ ಸಿಕ್ಕಿಲ್ಲ.